ಸೊನ್ನೆಯಿಂದ ಎಣಿಸುವ ಅಧ್ಯಾಯ

ಜಗತ್ತಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಹಲ್ಲು ಕಡಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಸಾಲು ಭೂಮಿಗೆ ಎರಡು ಸುತ್ತು ಬರುತ್ತದೆ. ಅದರಲ್ಲಿ ಕಡಿಮೆಯೆಂದರೂ ಒಂದು ಸುತ್ತಿನ ಜನರ ಹಲ್ಲು ಸವೆದದ್ದಕ್ಕೆ ಕಾರಣ ಒಬ್ಬಳೇ ಹೆಂಗಸು. "ಫೈಲು ಸಿಗಲಿಲ್ಲ", "ಮತ್ತೊಮ್ಮೆ ಪ್ರಯತ್ನಿಸಿ", "ಏನೋ ತಪ್ಪಾಗಿದೆ" ಎಂಬಂಥ ಮಾತುಗಳನ್ನು ಬರೆಯುವುದೇ ಅವಳ ಉದ್ಯೋಗ. ಪರದೆಯ ಮೇಲೆ ಕಿಟಕಿ, ಗುಂಡಿ, ಪಟ್ಟಿಗಳನ್ನು ಮೂಡಿಸಲು ಪ್ರೋಗ್ರಾಮರುಗಳಿಗೆ ಬೇಕಾದ ಸರಕನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಕೊಡುವ ಕಚೇರಿ ಅವಳದು. ಆ ಪೆಟ್ಟಿಗೆಗೆ ಟೂಲ್‌ಕಿಟ್ ಎಂದು ಹೆಸರು. ಪೆಟ್ಟಿಗೆಯೊಳಗೆ ಏನಾದರೂ ಎಡವಿದಾಗ ಪರದೆಯ ಮೇಲೆ ಬರುವ ಚುಟುಕು ತಪ್ಪೊಪ್ಪಿಗೆ ಮಾತ್ರ ಇವಳ ಪಾಲು. ವರ್ಷಗಟ್ಟಲೆ ಬರೆದರೂ ಅವಳ ಒಂದು ವಾಕ್ಯವೂ ಪರದೆಯ ಅಂಚು ಮುಟ್ಟಿರಲಿಲ್ಲ. ಕಚೇರಿಯವರು ಅವಳಿಗೆ ದೋಷಮ್ಮ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಗಂಡ ಏನಾದರೂ ಕೇಳಿದರೂ ಅವಳ ಬಾಯಿಂದ "ಸಿಗಲಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ" ಎಂದೇ ಬರುವಷ್ಟು ಆ ಕೆಲಸ ಮೈಗೆ ಹತ್ತಿಬಿಟ್ಟಿತ್ತು.

ಇಂಥ ದೋಷಮ್ಮನ ಕೈಗೆ ಒಂದು ದಿನ ಇಡೀ ಒಂದು ಅಧ್ಯಾಯ ಬಂತು.

ಅಧ್ಯಾಯ ಬಂದದ್ದು ಅವಳ ಮೇಲಿನ ಪ್ರೀತಿಯಿಂದಲ್ಲ. ಟೂಲ್‌ಕಿಟ್ಟಿನ ಕೈಪಿಡಿಯಲ್ಲಿ ಮರದ ಅಧ್ಯಾಯ ಎಂದರೆ ಬರಹಗಾರರು ಹೆದರಿ ಬೆವರುತ್ತಿದ್ದರು. ಒಂದು ಸಾಲಿನ ಕೆಳಗೆ ಕೆಲವು ಸಾಲು, ಅವುಗಳ ಕೆಳಗೆ ಮತ್ತಷ್ಟು ಸಾಲು, ಹೀಗೆ ಕೊಂಬೆಗೆ ಕೊಂಬೆ ಒಡೆದು ಬೆಳೆಯುವ ಮಾಹಿತಿಯನ್ನು ಪ್ರೋಗ್ರಾಮುಗಳು ಹೇಗೆ ಕೇಳಬೇಕು, ಹೇಗೆ ಸೇರಿಸಬೇಕು, ಹೇಗೆ ತೆಗೆಯಬೇಕು ಎಂಬುದರ ಕಟ್ಟುಪಾಡು ಅದು. ಅದನ್ನು ಬರೆಯಲು ಕುಳಿತ ಮೊದಲನೆಯವನು ಕೆಲಸ ಬಿಟ್ಟು ಬೇಕರಿ ಇಟ್ಟ. ಎರಡನೆಯವಳು ಮದುವೆಯೇ ಬೇಡವೆಂದು ಕುಳಿತಿದ್ದವಳು, ಆ ಅಧ್ಯಾಯ ತಪ್ಪಿಸಿಕೊಳ್ಳಲು ಮದುವೆಗೆ ಒಪ್ಪಿದಳು. ಮೂರನೆಯವನು ಈಗಲೂ ಕಚೇರಿಯ ಮುಂದೆ ಹಾದುಹೋಗುವಾಗ ರಸ್ತೆಯ ಆಚೆ ಬದಿ ಹಿಡಿಯುತ್ತಾನೆ.

ಕಷ್ಟವೆಲ್ಲ ಇದ್ದದ್ದು ಆ ಕಟ್ಟುಪಾಡನ್ನು ಹುಟ್ಟಿಸಿದವನಲ್ಲಿ. ಅವನನ್ನು ಕಚೇರಿಯಲ್ಲಿ ಮೌನಿ ಎನ್ನುತ್ತಿದ್ದರು. ಕಿಟಕಿಗೆ ಬೆನ್ನು ಹಾಕಿ, ತನ್ನ ಸುತ್ತ ಹಳೆಯ ಮಾನಿಟರುಗಳ ಕೋಟೆ ಕಟ್ಟಿಕೊಂಡು ಕೂರುತ್ತಿದ್ದ ಆಸಾಮಿ. ದೋಷಮ್ಮ ಹೋಗಿ "ಸಾರ್, ಒಂದು ಸಾಲು ತೆಗೆದ್ರೆ ಅದರ ಕೆಳಗಿನವು ಏನಾಗ್ತಾವೆ?" ಎಂದು ಕೇಳಿದರೆ "ಹೋಗ್ತಾವೆ" ಎನ್ನುತ್ತಿದ್ದ. "ಎಲ್ಲಿಗೆ ಸಾರ್?" ಎಂದರೆ ಕತ್ತು ತಿರುಗಿಸಿ, ಇಷ್ಟು ದೊಡ್ಡವಳಾಗಿ ಇದೂ ಗೊತ್ತಿಲ್ಲವೇ ಎಂಬಂತೆ ನೋಡುತ್ತಿದ್ದ. ಕಲ್ಲಿಂದ ಎಣ್ಣೆ ತೆಗೆಯುವ ಹಾಗೆ ದೋಷಮ್ಮ ಅವನಿಂದ ಒಂದೊಂದೇ ಪದ ತೆಗೆದಳು. ಆ ಪದಗಳನ್ನು ಜೋಡಿಸಿ ಅವಳು ಬರೆದ ಅಧ್ಯಾಯ ಇತ್ತಲ್ಲ, ಅದನ್ನು ಓದಿದರೆ ಗೋಡೆಗೂ ಅರ್ಥವಾಗಬೇಕು, ಅಷ್ಟು ತಿಳಿಯಾಗಿತ್ತು. ಕನಿಷ್ಠ ಅವಳ ನಂಬಿಕೆ ಹಾಗಿತ್ತು.

ಮೊದಲು ಅವಳು ಉದಾಹರಣೆಗೆ ಅಡುಗೆಮನೆಯ ಬೀರು, ಅದರೊಳಗಿನ ಹಲಗೆ, ಹಲಗೆಯ ಮೇಲಿನ ಪಾತ್ರೆಗಳನ್ನು ಇಟ್ಟಿದ್ದಳು. ಕೈಪಿಡಿ ವಿಭಾಗದ ಮುಖ್ಯಸ್ಥೆ ಅದನ್ನು ಓದಿ ಆಕಳಿಸಿದರು. ಈ ಮುಖ್ಯಸ್ಥೆಗೆ ಕತ್ತರಿ ಮೇಡಂ ಎಂದು ಹೆಸರು. ಅವರ ಕೈಗೆ ಹೋದ ಹತ್ತು ಪುಟ ನಾಲ್ಕಾಗಿ ಹೊರಬರುತ್ತಿತ್ತು, ಆ ನಾಲ್ಕೂ ಗಾಯಗೊಂಡಿರುತ್ತಿದ್ದವು.

"ಪಾತ್ರೆಗೆ ಯಾರಮ್ಮ ಮರುಗ್ತಾರೆ? ತಟ್ಟೆ ಕಳೆದುಹೋದ್ರೆ ಇನ್ನೊಂದು ತಟ್ಟೆ" ಎಂದರು ಕತ್ತರಿ ಮೇಡಂ. "ಜನರನ್ನ ಹಾಕು. ಅಜ್ಜಿ, ಮಕ್ಕಳು, ಮೊಮ್ಮಕ್ಕಳು. ಓದೋರಿಗೆ ಕರುಳು ಚುರುಕ್ ಅನ್ನಬೇಕು."

ದೋಷಮ್ಮನಿಗೆ ಬೇರೆ ಯಾರ ಮನೆಯ ಮಕ್ಕಳುಮರಿಗಳ ಲೆಕ್ಕ ಗೊತ್ತು? ತನ್ನ ಗಂಡನ ಮನೆಯನ್ನೇ ತುಂಬಿಸಿದಳು. ಮೇಲೆ ಅಜ್ಜಿ. ಅಜ್ಜಿಯ ಕೆಳಗೆ ಇಬ್ಬರು ಗಂಡುಮಕ್ಕಳು. ಅವರ ಕೆಳಗೆ ಅವರವರ ಸಂತಾನ. ಮುದ್ರಣಕ್ಕೆ ಹೋಗುವ ಮುನ್ನ ಬದಲಾಯಿಸಿದರಾಯಿತು ಎಂದುಕೊಂಡಿದ್ದಳು.

ಅವಳು ಎಡವಿದ್ದು ಇಲ್ಲೇ. ಈ ಗಂಡನ ಮನೆಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು.

ಅವಳ ಮಾವನೂ ಅವರ ತಮ್ಮನೂ, ಅಥವಾ ಅಣ್ಣನೂ, ಅವಳಿಗಳು. ಯಾರು ಮೊದಲು ಭೂಮಿಗೆ ಬಿದ್ದವರು ಎಂಬ ವ್ಯಾಜ್ಯ ತೊಟ್ಟಿಲಲ್ಲೇ ಶುರುವಾಗಿ, ಇಬ್ಬರಿಗೂ ಕೂದಲು ಉದುರಿದ ಮೇಲೂ ಇತ್ಯರ್ಥವಾಗಿರಲಿಲ್ಲ. ಅಜ್ಜಿಯನ್ನು ಕೇಳಿದರೆ "ನಾನು ಕಣ್ಣು ಮುಚ್ಚಿಕೊಂಡಿದ್ದೆ" ಎನ್ನುತ್ತಿದ್ದಳು. ಇಬ್ಬರಲ್ಲಿ ಯಾರೂ ತಮ್ಮನಾಗಲು ಒಪ್ಪದ ಕಾರಣ ಆ ಮನೆಯಲ್ಲಿ ದೊಡ್ಡಪ್ಪ ಚಿಕ್ಕಪ್ಪ ಎಂಬ ಮಾತಿಗೇ ನಿಷೇಧ. ಒಬ್ಬರು ಮೇಲ್ಮಹಡಿಯಲ್ಲಿ, ಒಬ್ಬರು ಕೆಳಗೆ ಇದ್ದುದರಿಂದ ಮಕ್ಕಳು ಮೇಲಪ್ಪ, ಕೆಳಪ್ಪ ಎಂದು ಕರೆದು ಬದುಕಿಕೊಂಡರು. ಸೊಸೆಯಾಗಿ ಬಂದ ದೋಷಮ್ಮನಿಗೂ ಅವರು ಮೇಲ್ಮಾವ, ಕೆಳಮಾವ. ಕೆಳಮಾವನೇ ಅವಳ ಸ್ವಂತ ಮಾವ. ಮೇಲ್ಮಾವ ಕನ್ನಡಕ ಕೊಂಡರೆ ಕೆಳಮಾವ ಅದಕ್ಕಿಂತ ದಪ್ಪದ್ದನ್ನು ಕೊಳ್ಳುತ್ತಿದ್ದರು. ಕೆಳಮಾವ ಕೆಮ್ಮಿದರೆ ಮಹಡಿಯಿಂದ ಅದಕ್ಕಿಂತ ಹಿರಿತನದ ಕೆಮ್ಮು ಕೇಳಿಸುತ್ತಿತ್ತು. ಒಮ್ಮೆ ಇಬ್ಬರಿಗೂ ಒಟ್ಟಿಗೆ ಜ್ವರ ಬಂದಾಗ ಥರ್ಮಾಮೀಟರು ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿ ಅದಕ್ಕೇ ಜ್ವರ ಬಂತು ಎಂದು ಬೀದಿಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಈಗ ಮರದ ಕಟ್ಟುಪಾಡಿನ ಮೊದಲ ಷರತ್ತೇ ಇದು: ಒಬ್ಬ ತಾಯಿಯ ಕೆಳಗೆ ಎಷ್ಟು ಮಕ್ಕಳಿದ್ದರೂ ಪ್ರತಿಯೊಬ್ಬರಿಗೂ ಒಂದು ಸ್ಥಾನ ಇರಬೇಕು, ಆ ಸ್ಥಾನಕ್ಕೆ ಒಂದು ಅಂಕಿ ಇರಬೇಕು. ದೋಷಮ್ಮ ತಾನಿರುವುದು ನೆಲಮಹಡಿಯಲ್ಲಿ ಎಂಬ ಒಂದೇ ಕಾರಣಕ್ಕೆ, ಕಾಲ ಬುಡದಿಂದ ಗುಡಿಸುತ್ತ ಹೋಗುವ ಹಾಗೆ, ಮೊದಲು ಕೆಳಮಾವನನ್ನು ಹಾಕಿ ಆಮೇಲೆ ಮೇಲ್ಮಾವನನ್ನು ಹಾಕಿದ್ದಳು. ಬೇರೆ ಯಾವ ದುರುದ್ದೇಶವೂ ಇರಲಿಲ್ಲ. ಆದರೆ ಆ ಮನೆಯಲ್ಲಿ ತಟ್ಟೆ ಮೊದಲು ಯಾರಿಗೆ ಇಟ್ಟರು ಎಂಬುದಕ್ಕೇ ವಾರಗಟ್ಟಲೆ ಮಾತು ಬಿಟ್ಟ ದಾಖಲೆಗಳಿದ್ದವು.

ಬದಲಾಯಿಸಲು ಸಮಯವಿದೆ ಎಂದುಕೊಂಡೇ ಇದ್ದಳು. ಅಷ್ಟರಲ್ಲಿ ಮೌನಿ ತನ್ನ ಕೋಟೆಯಿಂದ ಎದ್ದು ನಿಂತು, "ಫ್ರೀಜ್" ಎಂದ.

ಫ್ರೀಜ್ ಎಂದರೆ ಆ ಕಚೇರಿಯಲ್ಲಿ ಮುಗಿಯಿತು. ಹೊಸ ಆವೃತ್ತಿ ಹೊರಬರುವ ತನಕ ಪ್ರೋಗ್ರಾಮಿನಲ್ಲಿ, ಕೈಪಿಡಿಯ ಉದಾಹರಣೆಯ ಪ್ರೋಗ್ರಾಮೂ ಸೇರಿ, ಒಂದು ಚುಕ್ಕಿ ಅಲುಗಿಸುವಂತಿಲ್ಲ. ಹಿಂದೆ ಯಾರೋ ಫ್ರೀಜ್ ಆದ ಮೇಲೆ ಒಂದು ಅಲ್ಪವಿರಾಮ ತೆಗೆದನಂತೆ. ಅವನ ಕುರ್ಚಿಯನ್ನು ಈಗಲೂ ಯಾರೂ ಮುಟ್ಟುವುದಿಲ್ಲ.

ದೋಷಮ್ಮ ಮೌನಿಯ ಬಳಿ ಓಡಿದಳು. "ಸಾರ್, ಉದಾಹರಣೆಯಲ್ಲಿ ಎರಡೇ ಎರಡು ಸಾಲು ಬದಲಾಯಿಸ್ಬೇಕು."

"ಇಲ್ಲ."

"ಸಾರ್, ಸಂಸಾರದ ಪ್ರಶ್ನೆ."

"ಸಂಸಾರ ಮುಂದಿನ ಆವೃತ್ತಿಗೆ" ಎಂದ ಮೌನಿ. ಅವನು ಅವಳೊಂದಿಗೆ ಆಡಿದ ಅತ್ಯಂತ ಉದ್ದದ ಮಾತು ಅದೇ.

ಇದರ ಮೇಲೆ ಕತ್ತರಿ ಮೇಡಂ ಅವರ ಇನ್ನೊಂದು ಪದ್ಧತಿ ಬಂದು ಕೂತಿತು. ಪ್ರತಿ ಅಧ್ಯಾಯವನ್ನೂ ಮುದ್ರಣಕ್ಕೆ ಮುನ್ನ ಕಂಪ್ಯೂಟರಿನ ಗಂಧಗಾಳಿ ಇಲ್ಲದ ಹೊರಗಿನವರೊಬ್ಬರು ಓದಬೇಕು. ಓದಿ, ಉದಾಹರಣೆಯ ಪ್ರೋಗ್ರಾಮಿನ ಮುಂದೆ ಕುಳಿತು, ಮೇಡಂ ಹೇಳಿದ ಮೂರು ಕೆಲಸ ಮಾಡಬೇಕು. ಓದುಗರು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅಧ್ಯಾಯ ಕಸದ ಬುಟ್ಟಿಗೆ, ಬರೆದವರು ಹಳೆಯ ಜಾಗಕ್ಕೆ. ಕಚೇರಿಯವರ ನೆಂಟರಿಷ್ಟರನ್ನೆಲ್ಲ ಹಿಂದಿನ ಅಧ್ಯಾಯಗಳು ಆಗಲೇ ತಿಂದು ಮುಗಿಸಿದ್ದವು. ಲೆಕ್ಕ ವಿಭಾಗದವನ ಸೋದರತ್ತೆ ಸ್ಕ್ರೋಲ್‌ಬಾರ್ ಅಧ್ಯಾಯ ಓದಿದ ಮೇಲೆ ಅವನ ಮನೆಗೆ ಬರುವುದನ್ನೇ ಬಿಟ್ಟಿದ್ದರು.

"ಈ ಸಲ ನಿಮ್ಮ ಮನೆಯಿಂದ ಯಾರನ್ನಾದ್ರೂ ಕರ್ಕೊಂಡು ಬಾ" ಎಂದರು ಮೇಡಂ. "ಪಾಸಾದ್ರೆ ಇನ್ನು ಮೇಲೆ ನೀನು ಅಧ್ಯಾಯ ಬರೆಯೋಳು. ಇಲ್ಲಾಂದ್ರೆ ಗೊತ್ತಲ್ಲ, 'ಏನೋ ತಪ್ಪಾಗಿದೆ'."

ದೋಷಮ್ಮ ಗಂಡನನ್ನು ಕೇಳಿದಳು. ಅವನು ಕರಡಿನ ಮೊದಲ ಪುಟ ಹಿಡಿದು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಗೊರಕೆ ಹೊಡೆದ. ಅತ್ತೆ, "ನನ್ನ ಕನ್ನಡಕ ಇಂಥದಕ್ಕೆ ಆಗಲ್ಲಮ್ಮ" ಎಂದು ಜಾರಿಕೊಂಡರು. ಕೊನೆಗೆ ಕೆಳಮಾವ, "ನಾನಿಲ್ವೇನಮ್ಮ? ಕೊಡಿಲ್ಲಿ. ನಿವೃತ್ತಿ ಆಗೋವರೆಗೂ ದಿನಾ ನೂರು ಕಡತ ಓದಿದ ಕಣ್ಣು ಇದು" ಎಂದು ಎದೆಯುಬ್ಬಿಸಿದರು. ಅವರು ಅಂದದ್ದು ಮೆಟ್ಟಿಲು ಹತ್ತಿ ಮೇಲ್ಮಹಡಿ ತಲುಪಲು ಎಷ್ಟು ಹೊತ್ತು? ಬೆಳಿಗ್ಗೆ ಬಾಗಿಲು ತೆರೆದರೆ ಮೇಲ್ಮಾವ ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಹೊಸ್ತಿಲಲ್ಲಿ ನಿಂತಿದ್ದರು.

"ನಾನು ಸುಮ್ನೆ ಜೊತೆಗೆ ಬರ್ತೀನಿ" ಎಂದರು. "ಇವನು ಅರ್ಥ ಆಗದೆ ಒದ್ದಾಡಿದ್ರೆ ಹೇಳಿಕೊಡೋಕೆ ದೊಡ್ಡವರು ಅಂತ ಒಬ್ರು ಬೇಕಲ್ಲ."

"ದೊಡ್ಡವರಂತೆ" ಎಂದು ಗೊಣಗುತ್ತ ಕೆಳಮಾವ ಚಪ್ಪಲಿ ಹಾಕಿಕೊಂಡರು.

ದೋಷಮ್ಮ ಕರಡನ್ನು ಚೀಲಕ್ಕೆ ತುರುಕಿ ಇಬ್ಬರನ್ನೂ ಬಸ್ಸು ಹತ್ತಿಸಿದಳು.

ಕಚೇರಿಯ ಸಭೆಯ ಕೋಣೆಯಲ್ಲಿ ಒಂದು ಉದ್ದನೆಯ ಮೇಜು, ಅದರ ತುದಿಯಲ್ಲಿ ಕಂಪ್ಯೂಟರು. ಅದರೆದುರು ಕೆಳಮಾವ, ಅವರ ಭುಜಕ್ಕೆ ಭುಜ ತಗುಲಿಸಿ ಮೇಲ್ಮಾವ. ಎದುರಿಗೆ ಕತ್ತರಿ ಮೇಡಂ, ಮೂಲೆಯಲ್ಲಿ ಕೈಕಟ್ಟಿ ಮೌನಿ. ದೋಷಮ್ಮ ಬಾಗಿಲ ಪಕ್ಕದ ಕುರ್ಚಿಯ ಅಂಚಿನಲ್ಲಿ ಕುಳಿತಳು. ಬರೆದವರು ಬಾಯಿ ಬಿಡಬಾರದೆಂಬುದು ಅಲ್ಲಿನ ನಿಯಮ. ಮೇಡಂ ತಾವಾಗಿ ಕೇಳಿದರೆ ಮಾತ್ರ ಉತ್ತರ ಹೇಳಬಹುದು.

ಕೆಳಮಾವ ಅಧ್ಯಾಯವನ್ನು ಸುದ್ದಿ ಓದುವವರ ಧಾಟಿಯಲ್ಲಿ ಗಟ್ಟಿಯಾಗಿ ಓದತೊಡಗಿದರು. ಎರಡನೆಯ ಪುಟಕ್ಕೆ ಬರುವ ಹೊತ್ತಿಗೆ ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಂಡರು. ಓದಿ ಮುಗಿಸಿ ಅವರು ಪರದೆ ನೋಡಿದರು. ಅಲ್ಲಿ ಮರ ಬಿಚ್ಚಿಕೊಂಡಿತ್ತು. ಎಲ್ಲಕ್ಕೂ ಮೇಲೆ ಅಜ್ಜಿ. ಕೆಳಗೆ, ಸ್ಥಾನದ ಅಂಕಿ ೦, ಅದರ ಮುಂದೆ ಕೆಳಮಾವ. ಅದರ ಕೆಳಗೆ, ಸ್ಥಾನದ ಅಂಕಿ ೧, ಅದರ ಮುಂದೆ ಮೇಲ್ಮಾವ.

ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ದೋಷಮ್ಮ ಕುರ್ಚಿಯ ಕೈ ಹಿಡಿದ ರಭಸಕ್ಕೆ ಕುರ್ಚಿಯೇ ಅತ್ತುಬಿಡಬೇಕಿತ್ತು.

"ಇದು ನಮ್ಮ ಮನೆ ಅಲ್ವೇನಮ್ಮ?" ಎಂದರು ಕೆಳಮಾವ. ಅವರ ಮುಖ ಮೆಲ್ಲಗೆ ಅರಳಿತು. "ನೋಡೋ, ನೋಡು. ಅಮ್ಮನ ಕೆಳಗೆ ಮೊದಲು ನಾನು. ಎಷ್ಟು ಸ್ಪಷ್ಟವಾಗಿದೆ."

"ನೀನು ಮೇಲಿರೋದು ನೋಡಿದೆ. ಪಕ್ಕದಲ್ಲಿ ಬರೆದಿರೋದು ನೋಡು" ಎಂದರು ಮೇಲ್ಮಾವ. ಅವರ ಮುಖವೂ ಅರಳಿತ್ತು, ಇನ್ನೂ ಒಂದು ಸುತ್ತು ಹೆಚ್ಚಾಗಿ. "ನಾನು ಒಂದು. ಒಂದನೇ ಮಗ. ನೀನು ಸೊನ್ನೆ. ನೀನು ಲೆಕ್ಕಕ್ಕೇ ಇಲ್ಲ ಕಣೋ. ಪಾಪ, ಸೊಸೆ ಸಂಕೋಚಕ್ಕೆ ನಿನ್ನನ್ನ ಮೇಲೆ ಕೂರಿಸಿದಾಳೆ, ಅಷ್ಟೆ."

"ಮೇಲೆ ಕೂತವನೇ ದೊಡ್ಡವನು. ಅಂಕಿ ಅಲಂಕಾರಕ್ಕೆ."

"ಆಗಲಿ, ಆಗಲಿ, ಹಾಗೇ ಅಂದ್ಕೋ" ಎಂದು ಮೇಲ್ಮಾವ ಉದಾರವಾಗಿ ತಲೆಯಾಡಿಸಿದರು.

ದೋಷಮ್ಮನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅಣ್ವಸ್ತ್ರ ಬೀಳುತ್ತದೆಂದು ತಲೆ ತಗ್ಗಿಸಿ ಕುಳಿತರೆ ಹೂವು ಬಿದ್ದಂತಾಯಿತು. ಇಬ್ಬರೂ ಗೆದ್ದಿದ್ದರು. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಗೆದ್ದದ್ದು ಹಿಂದೆ ಎಂದೂ ಇಲ್ಲ. ಇಬ್ಬರೂ ನಗುನಗುತ್ತ ಮನೆಗೆ ಹೋಗಬಹುದು, ಇಬ್ಬರೂ ನಗುನಗುತ್ತ ಸಾಯಬಹುದು.

"ಅರ್ಥ ಆಯ್ತಾ ಸಾರ್?" ಎಂದು ಕೇಳಿದರು ಕತ್ತರಿ ಮೇಡಂ.

"ಚೆನ್ನಾಗಿ" ಎಂದರು ಇಬ್ಬರೂ ಒಂದೇ ಉಸಿರಿಗೆ.

ಮೇಡಂ ದೋಷಮ್ಮನ ಕಡೆ ತಿರುಗಿದರು. "ನಿನಗೆ ಸಮಾಧಾನವಾ? ಎಣಿಕೆ ವಿಷಯ ಅವರಿಗೆ ಅರ್ಥ ಆಗಿದೆ ಅಂತ ಮುಂದಕ್ಕೆ ಹೋಗ್ಲಾ?"

ಹೌದು ಎನ್ನಲು ದೋಷಮ್ಮ ಬಾಯಿ ತೆರೆದಳು. ಹೌದು ಎಂದಿದ್ದರೆ ಮನೆಯಲ್ಲಿ ಶಾಂತಿ, ಕಚೇರಿಯಲ್ಲಿ ಅರ್ಧ ದಾರಿ ದಾಟಿದ ಹಾಗೆ. ಆದರೆ ಎರಡನೆಯ ಪುಟದ ನಡುವೆ, ದಪ್ಪ ಅಕ್ಷರದಲ್ಲಿ, ಅವಳ ಜೀವನದ ಮೊಟ್ಟಮೊದಲ ಉದ್ದನೆಯ ವಾಕ್ಯ ಕುಳಿತಿತ್ತು: "ಸ್ಥಾನಗಳನ್ನು ಸೊನ್ನೆಯಿಂದ ಎಣಿಸಲಾಗುತ್ತದೆ, ಆದ್ದರಿಂದ ಮೊದಲ ಮಗುವಿನ ಸ್ಥಾನ ಸೊನ್ನೆ, ಎರಡನೆಯದರದು ಒಂದು." ಆ ವಾಕ್ಯಕ್ಕಾಗಿ ಅವಳು ಮೌನಿಯ ಕೋಟೆಯ ಮುಂದೆ ಕಾಲು ಬಾತುಕೊಳ್ಳುವಷ್ಟು ಹೊತ್ತು ನಿಂತಿದ್ದಳು. ಆ ಅಲ್ಪವಿರಾಮವನ್ನು ಎಲ್ಲಿ ಇಡಬೇಕೆಂದು ಸ್ನಾನ ಮಾಡುವಾಗಲೂ ಯೋಚಿಸಿದ್ದಳು. ಅದನ್ನು ಕೆಳಮಾವ ಗಟ್ಟಿಯಾಗಿ ಓದಿಯೂ ಓದಿರಲಿಲ್ಲ. ಅಂಕಿ ಅಲಂಕಾರಕ್ಕಂತೆ.

"ಇಲ್ಲ ಮೇಡಂ" ಎಂಬ ಮಾತು ಅವಳ ಬಾಯಿಂದ ಬಿತ್ತು. "ಅರ್ಥ ಆಗಿಲ್ಲ. ಇಬ್ರಿಗೂ ಆಗಿಲ್ಲ. ಮಾವ, ಎರಡನೇ ಪುಟದಲ್ಲಿ ದಪ್ಪಕ್ಷರದಲ್ಲಿರೋದನ್ನ ಇನ್ನೊಂದ್ಸಲ ಓದಿ."

ಕೆಳಮಾವ ಓದಿದರು. ಈ ಸಲ ಸುದ್ದಿಯ ಧಾಟಿ ಇರಲಿಲ್ಲ. ಒಂದೊಂದೇ ಪದ ಓದಿ, ತುಟಿಯೊಳಗೇ ಇನ್ನೊಮ್ಮೆ ಓದಿ, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಮೇಲ್ಮಾವನ ತುಟಿಗಳೂ ಅದೇ ವಾಕ್ಯದ ಮೇಲೆ ನಡೆದವು. ಅವರ ಮುಖದ ಅರಳಿದ ಹೂವು ಎಸಳೆಸಳಾಗಿ ಉದುರಿತು.

"ಅಂದ್ರೆ, ಒಂದು ಅಂದ್ರೆ ಎರಡನೆಯವನು" ಎಂದರು ಮೇಲ್ಮಾವ.

"ಸೊನ್ನೆ ಅಂದ್ರೆ ಮೊದಲನೆಯವನು" ಎಂದರು ಕೆಳಮಾವ. "ಪುಸ್ತಕದಲ್ಲೇ ಇದೆ."

"ಯಾರು ಬರೆದ ಪುಸ್ತಕ? ನಿನ್ನ ಸೊಸೆ ಬರೆದ ಪುಸ್ತಕ."

"ನಿನಗೂ ಸೊಸೆ ತಾನೆ?"

"ಒಂದು ಅಂತ ಓದಿದಾಗ ನನ್ನ ಸೊಸೆ, ಈಗ ನಿನ್ನ ಸೊಸೆ" ಎಂದರು ಮೇಲ್ಮಾವ. ಆಮೇಲೆ ಅವರು ಅಧ್ಯಾಯವನ್ನು ಕೆಳಮಾವನ ಕೈಯಿಂದ ಕಿತ್ತುಕೊಂಡರು.

ಅಲ್ಲಿಂದ ಮುಂದೆ ನಡೆದ ಓದನ್ನು ಆ ಕಚೇರಿ ಎಂದೂ ಕಂಡಿರಲಿಲ್ಲ. ಪಕ್ಕದಲ್ಲಿ ಸಿಡಿಲು ಬಡಿದರೂ ಕೇಳದ ಹಾಗೆ ಕಾನೂನು ಓದುವ ವಕೀಲರಿರುತ್ತಾರಲ್ಲ, ಅವರೂ ನಾಚಬೇಕು. ಮೇಲ್ಮಾವ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು, ಕೆಳಮಾವ ಅವರ ಹೆಗಲ ಮೇಲಿಂದ ಬಗ್ಗಿ ಅದೇ ಪುಟವನ್ನು ಅವರಿಗಿಂತ ಮೊದಲೇ ಓದಿ ಮುಗಿಸಲು ಹೆಣಗಿದರು. ಯಾರೂ ಎಂದೂ ಓದದ ಅಡಿಟಿಪ್ಪಣಿಗಳನ್ನೂ ಬಿಡಲಿಲ್ಲ. ಮೌನಿಯ ಕಟ್ಟಿದ ಕೈ ಬಿಚ್ಚಿಕೊಂಡಿತು. ತನ್ನ ಕಟ್ಟುಪಾಡನ್ನು ಇಷ್ಟು ಆಸೆಯಿಂದ ಯಾರಾದರೂ ನೋಡುತ್ತಾರೆಂದು ಆತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

"ಸಿಕ್ತು" ಎಂದರು ಮೇಲ್ಮಾವ. "ಐದನೇ ಪುಟ. ಒಂದು ಸಾಲನ್ನ ಇನ್ನೊಂದರ ಮೇಲಕ್ಕೆ ಸರಿಸಬಹುದು." ಮೌಸು ಹಿಡಿದರು, ತಮ್ಮ ಸಾಲನ್ನು ಆರಿಸಿದರು, 'ಮೇಲಕ್ಕೆ' ಗುಂಡಿ ಒತ್ತಿದರು. ಮೇಲ್ಮಾವ ಸೊನ್ನೆಯಾದರು, ಕೆಳಮಾವ ಒಂದಾದರು.

"ಇದು ಮೋಸ."

"ಇದು ಐದನೇ ಪುಟ."

ಕತ್ತರಿ ಮೇಡಂ ಮೇಜು ತಟ್ಟಿದರು. "ಸರಿ, ಎಣಿಕೆ ಅರ್ಥ ಆಗಿದೆ, ಮೊದಲ ಕೆಲಸ ಆಯ್ತು ಅಂತ ಬರ್ಕೊಳ್ತೀನಿ. ಎರಡನೇ ಕೆಲಸ. ಮರದಿಂದ ಯಾವುದಾದ್ರೂ ಒಂದು ಸಾಲು ತೆಗೀರಿ. 'ತೆಗೆ' ಅಂತ ಒಂದು ಚೌಕ ಇದೆ, ಅದರಲ್ಲಿ ಸ್ಥಾನದ ಅಂಕಿ ಹಾಕಿ ಒತ್ತಬೇಕು."

ಮೇಲ್ಮಾವನ ಕಣ್ಣಲ್ಲಿ ಒಂದು ಮಿಂಚು ಹಾಯಿತು. ಜೀವಮಾನವಿಡೀ ಕಾದ ಗುಂಡಿ ಅದು. ಕೆಳಮಾವ ಏಳನೆಯ ಪುಟ ಓದುತ್ತಿದ್ದರು. ಅಲ್ಲಿ ಒಂದು ಎಚ್ಚರಿಕೆ ಇತ್ತು: "ಸಾಲುಗಳು ಸರಿದಾಗ ಅವುಗಳ ಸ್ಥಾನವೂ ಬದಲಾಗುತ್ತದೆ. ಮೊದಲು ನೆನಪಿಟ್ಟುಕೊಂಡ ಅಂಕಿ ಈಗ ಬೇರೆಯವರದಾಗಿರಬಹುದು." ಕೆಳಮಾವ ಅದನ್ನು ಓದಿ, ಪುಟವನ್ನು ನಯವಾಗಿ ಮಗುಚಿ ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ನೀನೇ ಒತ್ತಪ್ಪ. ನನಗಿಂತ ನಿನಗೆ ಚೆನ್ನಾಗಿ ತಿಳಿದಿದೆ" ಎಂದರು.

ಇಂಥ ಸೌಜನ್ಯ ಕಂಡಾಗಲಾದರೂ ಮೇಲ್ಮಾವ ಎಚ್ಚೆತ್ತುಕೊಳ್ಳಬೇಕಿತ್ತು. ಅವರ ತಲೆಯಲ್ಲಿ ಸೊನ್ನೆ ಎಂದರೆ ಕೆಳಮಾವ ಎಂದು ಅಚ್ಚೊತ್ತಿಬಿಟ್ಟಿತ್ತು. ಕಲಿತದ್ದೂ ಅದೇ, ಉರಿದದ್ದೂ ಅದಕ್ಕೇ. ಚೌಕದಲ್ಲಿ ಸೊನ್ನೆ ಹಾಕಿ, ಸಮಾಧಾನವಾಗಿ, ಒಳ್ಳೆಯ ಊಟದ ಮೇಲೆ ಕೈ ತೊಳೆಯುವವರ ಹಾಗೆ ಗುಂಡಿ ಒತ್ತಿದರು.

ಮೇಲ್ಮಾವ ಪರದೆಯಿಂದ ಮಾಯವಾದರು. ಅವರೊಬ್ಬರೇ ಅಲ್ಲ, ಅವರ ಇಬ್ಬರು ಹೆಣ್ಣುಮಕ್ಕಳು, ಮಗ, ಮೊಮ್ಮಕ್ಕಳು, ಎಲ್ಲರೂ ಹೋದರು. ಅಜ್ಜಿಯ ಕೆಳಗೆ ಕೆಳಮಾವ ಒಬ್ಬರೇ ಉಳಿದರು, ಮುಂದೆ ಸೊನ್ನೆ ಹೊತ್ತುಕೊಂಡು.

ಕೆಳಮಾವ ನಕ್ಕರು. ಆ ನಗು ಹೇಗಿತ್ತೆಂದರೆ ಕೋಣೆಯ ಗಾಜು ಅದುರಿತು, ಪಕ್ಕದ ಕೋಣೆಯವರು ಮತ್ತೆ ಬಾಗಿಲು ತೆರೆದು ನೋಡಿದರು, ಮೂರು ಮಹಡಿ ಕೆಳಗೆ ಕಾವಲುಗಾರ ತನ್ನನ್ನೇ ನೋಡಿ ನಗುತ್ತಿದ್ದಾರೆಂದು ಟೋಪಿ ಸರಿಮಾಡಿಕೊಂಡ. ಹೊಟ್ಟೆ ಹಿಡಿದು, ಕಣ್ಣೊರೆಸಿ, ಮೇಜು ಗುದ್ದಿ ನಕ್ಕರು. "ತನ್ನನ್ನ ತಾನೇ" ಎನ್ನಲು ಹೋಗಿ ಮಾತು ಮುಗಿಸಲಾರದೆ ಮತ್ತೆ ನಕ್ಕರು.

ಮೇಲ್ಮಾವ ಪರದೆಯ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿದರು. "ಹುಡುಗರೆಲ್ಲಿ?" ಎಂದರು. ಧ್ವನಿ ಬಹಳ ಸಣ್ಣದಾಗಿತ್ತು. "ನಾನು ಹೋದ್ರೆ ಹೋಗ್ಲಿ. ಮಕ್ಕಳು ಏನು ಮಾಡಿದ್ರು?"

"ಹೋಗ್ತಾವೆ" ಎಂದ ಮೌನಿ. ಹೇಳಿದ ಮೇಲೆ ಅವನಿಗೇ ಏನೋ ಆಗಿ ನೆಲ ನೋಡಿದ.

ಕೆಳಮಾವ ನಗು ನಿಲ್ಲಿಸಿದರು. ಅವರು ಪರದೆ ನೋಡಿದರು. ಅಜ್ಜಿ, ಅಜ್ಜಿಯ ಕೆಳಗೆ ತಾನೊಬ್ಬನೇ. ಪೈಪೋಟಿಗೆ ಯಾರೂ ಇಲ್ಲ. ತಾನೇ ಮೊದಲು, ತಾನೇ ಕೊನೆ. ಅದನ್ನು ನೋಡುತ್ತ ಅವರು ಏನನ್ನು ಕಂಡರೋ, ಕುರ್ಚಿ ಮುಂದಕ್ಕೆಳೆದುಕೊಂಡರು.

"ಮೂರನೇ ಕೆಲಸ" ಎಂದರು ಕತ್ತರಿ ಮೇಡಂ, ಅಷ್ಟು ಮೆತ್ತಗೆ ಅವರು ಮಾತಾಡಿದ್ದು ಯಾರಿಗೂ ನೆನಪಿಲ್ಲ. "ಹೋದ ಸಾಲನ್ನ ವಾಪಸ್ ಹಾಕಿ. ಇದನ್ನ ಓದುಗರೇ ಮಾಡಬೇಕು."

"ಮಾಡ್ತೀನಿ" ಎಂದರು ಕೆಳಮಾವ. ಒಂಬತ್ತನೆಯ ಪುಟ ತೆರೆದು ಮೊಣಕೈ ಕೆಳಗಿಟ್ಟುಕೊಂಡರು. ಹೊಸ ಸಾಲಿನ ಚೌಕ ತೆರೆದು, ಒಂದೊಂದೇ ಕೀಲಿ ಹುಡುಕಿ, ಮೇಲ್ಮಾವ ಎಂದು ಟೈಪ್ ಮಾಡಿದರು. ಅದರ ಕೆಳಗೆ ಅವರ ಮಕ್ಕಳನ್ನು ಹಾಕಿದರು, ಹಿರಿಯವಳಿಂದ ಶುರುಮಾಡಿ. ಮೊಮ್ಮಕ್ಕಳನ್ನು ಹಾಕಿದರು. ಮೇಲ್ಮಾವ ಪಕ್ಕದಲ್ಲಿ ಕುಳಿತು ಹೇಳಿಕೊಡಲು ಬಾಯಿ ತೆರೆಯುವ ಮುಂಚೆಯೇ ಕೆಳಮಾವನ ಬೆರಳು ಅಲ್ಲಿರುತ್ತಿತ್ತು.

"ಚಿಕ್ಕವಳಿಗೆ ಮೊನ್ನೆ ಇನ್ನೊಂದಾಯ್ತಲ್ಲ, ಅದನ್ನ ಇವಳು ಹಾಕೇ ಇರಲಿಲ್ಲ" ಎಂದು ದೋಷಮ್ಮನ ಕಡೆ ಒಂದು ಬಾಣ ಬಿಟ್ಟು ಆ ಕೂಸನ್ನೂ ಸೇರಿಸಿದರು. "ಅದು ಹಲ್ಲಿ ಕಂಡ್ರೆ ನಗುತ್ತೆ. ಅದರಣ್ಣ ಅಳ್ತಾನೆ. ಇದನ್ನ ಹಾಕೋಕೆ ಜಾಗ ಇದ್ಯಾ?"

"ಇಲ್ಲ ಮಾವ" ಎಂದಳು ದೋಷಮ್ಮ, ನಿಯಮ ಮರೆತು. ಕತ್ತರಿ ಮೇಡಂ ಕೇಳಿಸಲಿಲ್ಲವೆಂಬಂತೆ ಕಿಟಕಿ ನೋಡಿದರು.

ಈಗ ಒಂದೇ ಒಂದು ಉಳಿದಿತ್ತು. ಪ್ರೋಗ್ರಾಮು ಕೆಳಮಾವನನ್ನು ಕೇಳುತ್ತಿತ್ತು: ಈ ಸಾಲನ್ನು ಎಲ್ಲಿ ಇಡಲಿ? ಎರಡು ಗುಂಡಿಗಳಿದ್ದವು. ಇರುವವರಿಗಿಂತ 'ಮೊದಲು', ಇರುವವರ 'ನಂತರ'.

ಕೆಳಮಾವ ಮೌಸು ಬಿಟ್ಟರು. ಅವರು ಅಧ್ಯಾಯದ ಪುಟಗಳನ್ನು ಹಿಂದೆ ಮುಂದೆ ತಿರುವಿದರು. "ಇಬ್ರನ್ನೂ ಒಂದೇ ಸ್ಥಾನದಲ್ಲಿ ಕೂರಿಸೋದು ಹೇಗೆ ಅಂತ ಎಲ್ಲೂ ಕಾಣಿಸ್ತಿಲ್ಲ."

"ಆಗಲ್ಲ" ಎಂದ ಮೌನಿ.

"ಆಗಲ್ಲ ಅಂತನಾದ್ರೂ ಬರೀಬೇಕಲ್ವೇನಪ್ಪ" ಎಂದರು ಕೆಳಮಾವ. ದೋಷಮ್ಮ ತಲೆ ತಗ್ಗಿಸಿದಳು. ನಿಜ, ಬರೆದಿರಲಿಲ್ಲ. ಅಷ್ಟು ದಪ್ಪಗಿರುವ ವಿಷಯವನ್ನು ಅವಳೂ ಮರೆತಿದ್ದಳು, ಮೌನಿಯಂತೂ ಹೇಳಿರಲಿಲ್ಲ.

ಕತ್ತರಿ ಮೇಡಂ ಗಡಿಯಾರ ನೋಡಿದರು. "ಸಾರ್, ಸಿಕ್ಕಿಹಾಕಿಕೊಂಡ್ರಾ? ಹಾಗಾದ್ರೆ ಹಾಗೇ ಹೇಳಿ. ಅಧ್ಯಾಯವನ್ನ ನಾನು..." ಎಂದು ಅರ್ಧಕ್ಕೆ ನಿಲ್ಲಿಸಿ ದೋಷಮ್ಮನ ಕಡೆ ನೋಡಿದರು. ಆ ನೋಟದ ಅರ್ಥ ಕೆಳಮಾವನಿಗೂ ಆಯಿತು. ಅವರು ತಿರುಗಿ ಸೊಸೆಯನ್ನು ನೋಡಿದರು. ಕುರ್ಚಿಯ ಅಂಚಿನಲ್ಲಿ, ಬೀಳುವುದೋ ಕೂರುವುದೋ ತಿಳಿಯದೆ, ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ಕಚ್ಚಿ ಕಚ್ಚಿ ಚಪ್ಪಟೆ ಮಾಡಿಕೊಂಡು ಕುಳಿತಿದ್ದಳು ಅವಳು.

ಆಗ ಕೆಳಮಾವ ಮೌಸಿನ ಮೇಲೆ ಕೈಯಿಟ್ಟು, ಯಾರ ಮುಖವನ್ನೂ ನೋಡದೆ, 'ಮೊದಲು' ಒತ್ತಿದರು.

ಮೇಲ್ಮಾವ ಅಜ್ಜಿಯ ಕೆಳಗೆ, ಕೆಳಮಾವನ ಮೇಲೆ, ಮಕ್ಕಳುಮರಿಗಳ ಸಮೇತ ಬಂದು ಕುಳಿತರು. ಮುಂದೆ ಸೊನ್ನೆ.

ಸೂರ್ಯ ಚಂದ್ರರು ಒಂದು ಕ್ಷಣ ನಿಂತರು ಎಂದರೆ ಅತಿಯಾದೀತು. ಫ್ಯಾನು ನಿಂತದ್ದಂತೂ ನಿಜ, ಕರೆಂಟು ಹೋಗಿತ್ತು. ಕಂಪ್ಯೂಟರಿಗೆ ಬ್ಯಾಟರಿ ಇದ್ದುದರಿಂದ ಅದೊಂದೇ ಬೆಳಗುತ್ತಿತ್ತು.

"ಪಾಸು" ಎಂದರು ಕತ್ತರಿ ಮೇಡಂ. "ಆ ಒಂದೇ ಸ್ಥಾನದ ವಿಷಯ ಸೇರಿಸಮ್ಮ. ಇನ್ನು ಇದನ್ನ ನಾನು ಕತ್ತರಿಸಲ್ಲ."

ಮೇಲ್ಮಾವ ಇನ್ನೂ ಪರದೆಯನ್ನೇ ನೋಡುತ್ತಿದ್ದರು. ಗೆದ್ದವರ ಮುಖ ಹೇಗಿರಬೇಕೆಂದು ಅವರಿಗೆ ತಿಳಿದಿದ್ದಂತೆ ಕಾಣಲಿಲ್ಲ. "ಏಯ್, ಇದು ಸೊಸೆಗೋಸ್ಕರ ಮಾಡಿದ್ದಲ್ವಾ?" ಎಂದು ಕೇಳಿದರು. "ಲೆಕ್ಕಕ್ಕಿಲ್ಲ ತಾನೆ?"

"ಲೆಕ್ಕಕ್ಕಿದೆ" ಎಂದರು ಕೆಳಮಾವ. "ನಾಲ್ಕು ಜನರೆದುರು ಒತ್ತಿದೀನಿ. ಅಣ್ಣ ನೀನೇ. ಮೋಟಾರ್ ಕೆಟ್ಟಾಗ ಮಿಸ್ತ್ರಿ ಹಿಂದೆ ಓಡಾಡೋದು ಇನ್ನು ಅಣ್ಣಂದು. ಅಮ್ಮನ್ನ ಹಲ್ಲಿನ ಡಾಕ್ಟರ ಹತ್ರ ಎತ್ಕೊಂಡು ಹೋಗೋದು ಅಣ್ಣಂದು. ಅವಳು ಡಾಕ್ಟರ ಕೈ ಕಚ್ಚಿದ್ರೆ ಕ್ಷಮೆ ಕೇಳೋದೂ ಅಣ್ಣಂದೇ. ಪಕ್ಕದ ಮನೆಯೋರ ಗೋಡೆ ಜಗಳ, ಅದೂ."

"ತಡಿ, ತಡಿ. ನಿಧಾನವಾಗಿ ಮಾತಾಡೋಣ."

"ದೊಡ್ಡವರು ಹೇಳಿದ ಹಾಗೆ."

ಮೇಲ್ಮಾವ ಐದನೆಯ ಪುಟವನ್ನು ಮತ್ತೆ ತೆರೆದು ಕೆಳಕ್ಕೆ ಸರಿಸುವ ವಿಧಾನ ಹುಡುಕತೊಡಗಿದರು. ಕೆಳಮಾವ ಕಂಪ್ಯೂಟರನ್ನು ಮುಚ್ಚಿ ಎದ್ದರು.

ಕಚೇರಿಯ ಹೊರಬಾಗಿಲ ಬಳಿ ಇಬ್ಬರೂ ನಿಂತರು. ಬಾಗಿಲು ಒಬ್ಬರು ಹೋಗುವಷ್ಟೇ ಅಗಲವಿತ್ತು.

"ನಡಿ" ಎಂದರು ಮೇಲ್ಮಾವ.

"ಎಲ್ಲಾದ್ರೂ ಉಂಟಾ? ಅಣ್ಣ ಮೊದಲು."

"ಅಣ್ಣನೇ ಹೇಳ್ತಿದೀನಲ್ಲ, ನೀನು ನಡಿ."

"ನೀನಿರೋವಾಗ ನಾನು ಹೆಂಗೆ ನಡೀಲಿ?"

ಹಿಂದೆ ಊಟಕ್ಕೆ ಹೊರಟವರ ಸಾಲು ಬೆಳೆಯಿತು. ಅದು ಕಾರಿಡಾರು ದಾಟಿ, ಮೆಟ್ಟಿಲು ಇಳಿದು, ರಸ್ತೆ ಸುತ್ತಿ ಹಿಂದಿನ ಬಾಗಿಲಿಂದ ಮತ್ತೆ ಕಚೇರಿಯೊಳಗೆ ಬಂದಿತೆಂದು ಹೇಳುತ್ತಾರೆ. ಕತ್ತರಿ ಮೇಡಂ ಒಂದು ಕಡೆ, ಮೌನಿ ಒಂದು ಕಡೆ ಕಾದು ನಿಂತರು. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ಕೈಹಿಡಿದು ಮುಂದಕ್ಕೆ ತಳ್ಳುತ್ತ, ಒಬ್ಬರೂ ಅಲುಗದೆ ನಿಂತಿದ್ದರು.

"ಸ್ವಲ್ಪ ಜಾಗ ಬಿಡಿ ಮಾವ" ಎಂದಳು ದೋಷಮ್ಮ. ಅಧ್ಯಾಯವನ್ನು ಕಂಕುಳಲ್ಲಿ ಇರುಕಿಕೊಂಡು, ಇಬ್ಬರ ನಡುವೆ ಓರೆಯಾಗಿ ತೂರಿ, ಎಲ್ಲರಿಗಿಂತ ಮೊದಲು ತಾನು ಹೊರಗೆ ಹೋದಳು.